ಫೈಲಿನೊಳಗೆ ಉಳಿದ ಸೈನು

ಸುಮಾರು ಸಮಯ ಆಯ್ತು ಬ್ಲಾಗಿನ ಕಡೆ ತಲೆ ಹಾಕದೆ. ಡ್ಯಾಶ್‌ಬೋರ್ಡ್ ತೆರೆದರೆ ಅರ್ಧಕ್ಕೆ ಬಿಟ್ಟ ಡ್ರಾಫ್ಟುಗಳೇ ಹನ್ನೊಂದು ಉಂಟು. ಅದರಲ್ಲಿ ಒಂದಕ್ಕೆ ಕೊಟ್ಟ ಹೆಸರು ಬರೀ 'ಸೈನು'. ಒಳಗೆ ಎರಡೇ ಸಾಲು. ಅದನ್ನು ಮುಂದುವರಿಸಲಿಕ್ಕೆ ಮನಸ್ಸು ಬರಲಿಲ್ಲ ಅಂತಲೇ ಇಟ್ಟುಕೊಳ್ಳಿ. ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಬಂದು, "ಸಾರ್, ರಿಪೋರ್ಟಿಗೆ ಈ ಚಿತ್ರ ಎಂಬೆಡ್ ಮಾಡ್ಲಾ, ಇಲ್ಲಾ ಲಿಂಕ್ ಕೊಡ್ಲಾ?" ಅಂತ ಕೇಳಿದ. ಕೇಳಿದ್ದು ಒಂದು ಸಾಲಿನ ಪ್ರಶ್ನೆ. ನಾನು ಅವನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಮುಕ್ಕಾಲು ಗಂಟೆ ಕೊರೆದೆ. ಪಾಪ, ಅವನ ಚಾ ತಣ್ಣಗಾಯ್ತು. ಅವನಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತಿದ್ದೇನೆ. ನೀವಾದರೆ ಮಧ್ಯದಲ್ಲಿ ಎದ್ದು ಹೋಗಬಹುದು :)

ಇದು 2010ರಲ್ಲಿ ಶುರುವಾದ ಕತೆ. ಅಪ್ಪನಿಗೆ ಹುಷಾರಿಲ್ಲ ಅಂತ ನಾನು ಬೆಂಗಳೂರಿನ ಕೆಲಸ ಬಿಟ್ಟು ಸಿದ್ದಕಟ್ಟೆ ಹತ್ತಿರದ ಮನೆಗೆ ಬಂದು ಕೂತಿದ್ದೆ. ಊರಿನಲ್ಲಿ ಸಾಫ್ಟ್‌ವೇರಿನವನು ಅಂದರೆ ಟಿವಿ ರಿಪೇರಿಯಿಂದ ಹಿಡಿದು ಜಾತಕ ಪ್ರಿಂಟ್ ಮಾಡಿಕೊಡುವವರೆಗೆ ಎಲ್ಲ ಬರುತ್ತದೆ ಅಂತ ಲೆಕ್ಕ. ಹಾಗೆ ಒಂದು ದಿನ ಒಂದು ಸಣ್ಣ ಸಹಕಾರಿ ಸಂಘದಿಂದ ಕರೆ ಬಂತು. ಬಂಟ್ವಾಳದಲ್ಲಿ ಅವರ ಮುಖ್ಯ ಕಚೇರಿ, ಬೆಳ್ತಂಗಡಿಯಲ್ಲಿ ಒಂದು ಶಾಖೆ, ಮೂಡುಬಿದಿರೆಯಲ್ಲಿ ಒಂದು. ಸಂಘದ ಹೆಸರು ಬೇಡ. ಲೆಕ್ಕದ ಸಾಫ್ಟ್‌ವೇರ್ ಯಾರೋ ಮಾಡಿಕೊಟ್ಟಿದ್ದರು, ಅದು ಚೆನ್ನಾಗಿಯೇ ಇತ್ತು. ಆದರೆ ಅದರಿಂದ ಬರುವ ರಶೀದಿ, ನೋಟೀಸು, ಬಾಕಿ ಇಲ್ಲವೆಂಬ ಪ್ರಮಾಣಪತ್ರ ಎಲ್ಲ ಕಿರಾಣಿ ಅಂಗಡಿಯ ಚೀಟಿಯ ಹಾಗೆ ಕಾಣುತ್ತಿತ್ತು. "ಸ್ವಲ್ಪ ಗೌರವ ಬರುವ ಹಾಗೆ ಮಾಡಿ ಕೊಡಿ ಮಾರಾಯ್ರೆ" ಅಂತ ಕಾರ್ಯದರ್ಶಿಗಳು ಹೇಳಿದರು.

ನಾನು ಆರಿಸಿಕೊಂಡದ್ದು ಬರ್ಟ್ ಎನ್ನುವ ರಿಪೋರ್ಟ್ ಸಾಫ್ಟ್‌ವೇರನ್ನು. ಎಕ್ಲಿಪ್ಸ್‌ನವರದ್ದು, ಅದರ ಮೊದಲ ಆವೃತ್ತಿ ಬಂದದ್ದು 2005ರಲ್ಲಿ. ಪುಕ್ಕಟೆ ಸಿಗುತ್ತದೆ ಎನ್ನುವುದೇ ಅದನ್ನು ಆರಿಸಲಿಕ್ಕೆ ದೊಡ್ಡ ಕಾರಣ. ಈ ಕೆಲಸದ ಪರಿಚಯ ಇಲ್ಲದವರಿಗೆ ಚುಟುಕಾಗಿ ಹೇಳುವುದಾದರೆ, ಇದರಲ್ಲಿ ಡಿಸೈನ್ ಫೈಲು ಅಂತ ಒಂದು ಇರುತ್ತದೆ. ಅದು ಇಡ್ಲಿ ತಟ್ಟೆ. ಡೇಟಾಬೇಸಿನಿಂದ ಬರುವ ಹೆಸರು, ಮೊತ್ತ, ತಾರೀಕು ಎಲ್ಲ ಹಿಟ್ಟು. ತಟ್ಟೆ ಒಮ್ಮೆ ಮಾಡಿದರೆ ಸಾಕು, ದಿನಾ ಹೊಸ ಹಿಟ್ಟು ಹೊಯ್ದು ಪಿಡಿಎಫ್ ಬೇಯಿಸಿಕೊಳ್ಳುತ್ತಾ ಇರಬಹುದು.

ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಬೆಸ್ಟ್. ಮೇಲೆ ಸಂಘದ ಲಾಂಛನ, ಕೆಳಗೆ ಗೆರೆ, ಕೋಷ್ಟಕ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿ, ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಹೋಗಿ ಹಾಕಿಕೊಟ್ಟು ಬಂದೆ. ಪರೀಕ್ಷೆ ಮಾಡೋಣ ಅಂದರೆ ಕರೆಂಟಿಲ್ಲ. ಮನೆ ತಲುಪುವಷ್ಟರಲ್ಲಿ ಅಲ್ಲಿನ ಕ್ಲರ್ಕಿನ ಫೋನು.

"ಸರ್, ಲೋಗೋ ಬರುವ ಜಾಗದಲ್ಲಿ ನಾಟ್ ರೀಚೇಬಲ್ ಅಂತ ಬರ್ತದೆ."

"ಯಾರಿಗೆ ಫೋನ್ ಮಾಡಿದ್ರಿ?"

"ಫೋನಲ್ಲ ಸರ್, ರಶೀದಿಯಲ್ಲಿ!"

ಚಿತ್ರ ಸಿಗದಿದ್ದರೆ ಅದರ ಜಾಗದಲ್ಲಿ ಬರ್ಟ್ ಅಚ್ಚು ಮಾಡುವ ಇಂಗ್ಲಿಷ್ ಸಾಲು ಅದು. ತಪ್ಪು ನನ್ನದೇ. ನಾನು ಚಿತ್ರವನ್ನು ರಿಪೋರ್ಟಿನಲ್ಲಿ ಇಟ್ಟೇ ಇರಲಿಲ್ಲ, ಅದರ ವಿಳಾಸ ಮಾತ್ರ ಬರೆದಿದ್ದೆ. ಆ ವಿಳಾಸ ನನ್ನ ಲ್ಯಾಪ್‌ಟಾಪಿನ ಡಿ ಡ್ರೈವಿನದ್ದು. ಬೆಳ್ತಂಗಡಿಯ ಆ ಕಂಪ್ಯೂಟರಿಗೆ ಡಿ ಡ್ರೈವೇ ಇರಲಿಲ್ಲ! ಮದುವೆ ಕಾಗದದಲ್ಲಿ ಮಂಟಪದ ವಿಳಾಸದ ಬದಲು ನಮ್ಮ ಮನೆ ವಿಳಾಸ ಹಾಕಿದ ಹಾಗಾಯ್ತು.

ಆಗ ಆ ಮೂರು ಕಡೆಯ ಕಂಪ್ಯೂಟರುಗಳಿಗೆ ಒಂದಕ್ಕೊಂದು ಸಂಪರ್ಕವೇ ಇರಲಿಲ್ಲ. ಮೂರು ಊರಿನ ನಡುವಿನ ನೆಟ್‌ವರ್ಕ್ ಅಂದರೆ ನನ್ನ ಪೆನ್‌ಡ್ರೈವು ಮತ್ತು ಪ್ರೈವೇಟ್ ಬಸ್ಸು. ಬಂಟ್ವಾಳದಿಂದ ಬೆಳ್ತಂಗಡಿ, ಅಲ್ಲಿಂದ ವೇಣೂರಿನ ಮೇಲೆ ಮೂಡುಬಿದಿರೆ, ಮತ್ತೆ ಸಿದ್ದಕಟ್ಟೆ ರಸ್ತೆಯಲ್ಲಿ ವಾಪಸ್ಸು. ಒಂದು ಸುತ್ತು ಬಂದರೆ ಇಡೀ ದಿನ ಹೋಗುತ್ತಿತ್ತು.

ಇನ್ನೊಂದು ತಲೆನೋವು ಕನ್ನಡದ್ದು. ಇದನ್ನು ನಮ್ಮ ಬ್ಲಾಗ್ ಬಳಗಕ್ಕೆ ವಿವರಿಸಿ ಹೇಳಬೇಕಾಗಿಯೇ ಇಲ್ಲ. ಯೂನಿಕೋಡಿನಲ್ಲಿ ಸಂಘದ ಹೆಸರನ್ನು ಚೆಂದ ಮಾಡಿ ಟೈಪ್ ಮಾಡಿದ್ದೆ. ಬ್ರೌಸರಿನಲ್ಲಿ ನೋಡಿದರೆ ಸರಿಯಾಗಿಯೇ ಇತ್ತು. ಪಿಡಿಎಫ್ ಮಾಡಿದ ಕೂಡಲೇ ಒತ್ತಕ್ಷರಗಳೆಲ್ಲ ಜಗಳ ಮಾಡಿಕೊಂಡು ಬೇರೆಯಾದವು. ಬೆಳ್ತಂಗಡಿ ಹೋಗಿ 'ಬೆಳ್‌ತಂಗಡಿ' ಆಯಿತು, ಬಂಟ್ವಾಳ ಹೋಗಿ 'ಬಂಟ್‌ವಾಳ'. ಮೂಡುಬಿದಿರೆಗೆ ಒತ್ತೇ ಇಲ್ಲ, ಅದಾದರೂ ಬಚಾವಾದೀತು ಅಂದುಕೊಂಡರೆ ಅಲ್ಲಿ ಗುಡಿಸು ಎದ್ದು ಅಕ್ಷರದ ಪಕ್ಕದಲ್ಲಿ ಬೇರೆ ಮನೆ ಮಾಡಿಕೊಂಡಿತ್ತು. ಪಿಡಿಎಫ್ ತಯಾರಿಸುವ ಅದರ ಒಳಗಿನ ಭಾಗಕ್ಕೆ ಒಂದಾದ ಮೇಲೊಂದು ಅಕ್ಷರ ಇಡುವುದು ಮಾತ್ರ ಗೊತ್ತಿತ್ತು. ನಮ್ಮ ಲಿಪಿಯಲ್ಲಿ ಅಕ್ಷರ ಕೂಡಿದಾಗ ರೂಪವೇ ಬದಲಾಗುತ್ತದೆ ಎನ್ನುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಕೊನೆಗೆ ಎಲ್ಲರೂ ಮಾಡುವ ಕಳ್ಳದಾರಿಯನ್ನೇ ಹಿಡಿದೆ. ಹೆಸರನ್ನು ವರ್ಡಿನಲ್ಲಿ ದೊಡ್ಡದಾಗಿ ಬರೆದು, ಸ್ಕ್ರೀನಿನ ಫೋಟೋ ತೆಗೆದು, ಪೈಂಟಿನಲ್ಲಿ ಕತ್ತರಿಸಿ ಚಿತ್ರ ಮಾಡಿದೆ. ಮೊದಲು ಜೆಪೆಗ್ ಮಾಡಿದ್ದು ದಡ್ಡತನ. ಜೆಪೆಗ್ ಇರುವುದು ಫೋಟೋಗಳಿಗೆ. ಅಕ್ಷರದ ಅಂಚಿನಲ್ಲಿ ಮಸಿ ಚೆಲ್ಲಿದ ಹಾಗೆ ಮಾಡಿಬಿಡುತ್ತದೆ. ಪಿಎನ್‌ಜಿ ಮಾಡಿದ ಮೇಲೆ ಅಂಚು ಸರಿಯಾಯ್ತು, ಆದರೆ ಪ್ರಿಂಟ್ ತೆಗೆದರೆ ಮೆಟ್ಟಿಲು ಮೆಟ್ಟಿಲು. ಸ್ಕ್ರೀನಿಗೆ ಇಂಚಿಗೆ 96 ಚುಕ್ಕೆ ಸಾಕು, ಕಾಗದಕ್ಕೆ 300 ಆದರೂ ಬೇಕು. ಆರು ಇಂಚಿನ ತಲೆಬರಹಕ್ಕೆ 1800 ಚುಕ್ಕೆ ಅಗಲದ ಚಿತ್ರ. ಇದೆಲ್ಲ ಗೊತ್ತಾಗುವಷ್ಟರಲ್ಲಿ ಎರಡು ರೀಮ್ ಕಾಗದ ಖಾಲಿ.

ಹೀಗೆ ಸಂಘದ ಹೆಸರೇನೋ ಕನ್ನಡದಲ್ಲಿ ಬಂತು. ಸದಸ್ಯರ ಹೆಸರು? ಸಾವಿರಾರು ಜನರ ಹೆಸರನ್ನು ಚಿತ್ರ ಮಾಡಲಿಕ್ಕಾಗುತ್ತದಾ? ಅದು ಇಂಗ್ಲಿಷಿನ ದೊಡ್ಡಕ್ಷರದಲ್ಲಿಯೇ ಉಳಿಯಿತು. ಕನ್ನಡ ಮಾತ್ರ ಓದಲು ಬರುವ ನಮ್ಮಜ್ಜಿಗೆ ಆ ರಶೀದಿಯಲ್ಲಿ ಸಂಘದ ಹೆಸರು ಓದಲಿಕ್ಕೆ ಬಂತು, ತನ್ನ ಹೆಸರು ಬರಲಿಲ್ಲ. ಅಜ್ಜಿ ಏನೂ ಹೇಳಲಿಲ್ಲ. ನನಗೆ ಮಾತ್ರ ಈಗಲೂ ಅದು ಚುಚ್ಚುತ್ತದೆ.

ಇರಲಿ. ಲಾಂಛನ ಮತ್ತು ಹೆಸರು, ಈ ಎರಡು ಚಿತ್ರಗಳನ್ನು ಮೂರು ಊರಿಗೆ ತಲುಪಿಸಲಿಕ್ಕೆ ನನಗೆ ಸಿಕ್ಕಿದ ಪರಿಹಾರವೇ ಎಂಬೆಡ್ ಮಾಡುವುದು. ವಿಳಾಸ ಕೊಡುವ ಬದಲು ಚಿತ್ರವನ್ನೇ ಡಿಸೈನ್ ಫೈಲಿನ ಹೊಟ್ಟೆಯೊಳಗೆ ತುಂಬುವುದು. ಬರ್ಟ್‌ನಲ್ಲಿ ಚಿತ್ರ ಸೇರಿಸುವಾಗ ನಾಲ್ಕು ದಾರಿ ತೋರಿಸುತ್ತದೆ: ವಿಳಾಸ, ಎಲ್ಲ ರಿಪೋರ್ಟುಗಳಿಗೂ ಸಾಮಾನ್ಯವಾದ ಒಂದು ಫೋಲ್ಡರು, ಎಂಬೆಡ್, ಡೇಟಾಬೇಸು. ಮೈಕ್ರೋಸಾಫ್ಟಿನವರ ರಿಪೋರ್ಟಿಂಗ್ ಸರ್ವಿಸಸ್‌ನಲ್ಲಿಯೂ ಹೆಚ್ಚುಕಮ್ಮಿ ಇದೇ. ನಾನು ಮೂರನೆಯದನ್ನು ಒತ್ತಿದೆ. ಫೈಲನ್ನು ಬೆಳ್ತಂಗಡಿಗೆ ಒಯ್ದೆ, ಲಾಂಛನ ಬಂತು. ಮೂಡುಬಿದಿರೆಗೆ ಒಯ್ದೆ, ಅಲ್ಲೂ ಬಂತು. ಆ ಸಂಜೆ ಬಂಟ್ವಾಳದ ಕಚೇರಿಯಲ್ಲಿ ಎಲ್ಲರಿಗೂ ಗೋಳಿಬಜೆ ಮತ್ತು ಚಾ, ಕಾರ್ಯದರ್ಶಿಗಳ ಲೆಕ್ಕದಲ್ಲಿ.

ಕುತೂಹಲಕ್ಕೆ ಒಮ್ಮೆ ಆ ಡಿಸೈನ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದ್ದೆ. ಅದು ಎಕ್ಸ್‌ಎಂಎಲ್ ಫೈಲು, ಅಂದರೆ ಬರೀ ಅಕ್ಷರಗಳದ್ದು. ಅಕ್ಷರಗಳ ಫೈಲಿನೊಳಗೆ ಚಿತ್ರ ಹೇಗೆ ಕೂರುತ್ತದೆ? ಚಿತ್ರವನ್ನೂ ಅಕ್ಷರ ಮಾಡಿಬಿಡುತ್ತಾರೆ. ಬೇಸ್ 64 ಅಂತ ಅದಕ್ಕೆ ಹೆಸರು. ಇಂಗ್ಲಿಷಿನ ದೊಡ್ಡಕ್ಷರ 26, ಸಣ್ಣಕ್ಷರ 26, ಅಂಕಿ 10, ಜೊತೆಗೆ ಒಂದು ಪ್ಲಸ್ಸು, ಒಂದು ಓರೆಗೆರೆ, ಒಟ್ಟು 64 ಚಿಹ್ನೆ. ಚಿತ್ರದ ಪ್ರತಿ ಮೂರು ಬೈಟಿಗೆ ಇವುಗಳಲ್ಲಿ ನಾಲ್ಕು. ಹಾಗಾಗಿ 90 ಕೆಬಿಯ ಚಿತ್ರ ಒಳಗೆ ಹೋದ ಮೇಲೆ 120 ಕೆಬಿ ಆಗುತ್ತದೆ. ಪುಟಗಟ್ಟಲೆ ಅರ್ಥವಿಲ್ಲದ ಅಕ್ಷರ ರಾಶಿ. ನೋಡಿ ನೋಡಿ ಅಭ್ಯಾಸವಾದ ಮೇಲೆ ಗುರುತು ಹಿಡಿಯಲಿಕ್ಕೂ ಬರುತ್ತದೆ: ಓರೆಗೆರೆ, ಒಂಬತ್ತು, ಜೆ ಅಂತ ಶುರುವಾದರೆ ಅದು ಜೆಪೆಗ್. ಐ, ವಿ, ಬಿ, ಓ, ಆರ್ ಅಂತ ಶುರುವಾದರೆ ಪಿಎನ್‌ಜಿ. (ಇದನ್ನು ಮದುವೆ ಮನೆಯಲ್ಲಿ ಹೇಳಲಿಕ್ಕೆ ಹೋಗಬೇಡಿ. ನಾನು ಹೇಳಿ ನೋಡಿದ್ದೇನೆ, ಪಕ್ಕದ ಎಲೆಯವರು ಎದ್ದು ಹೋದರು.)

ಅದೇ ವರ್ಷ ಕೊನೆಗೆ ಕಾರ್ಯದರ್ಶಿಗಳು ಇನ್ನೊಂದು ಬೇಡಿಕೆ ಇಟ್ಟರು. ಮಾರ್ಚ್ ಹತ್ತಿರ ಬಂದರೆ ಸಾಲದ ಕಂತು ಬಾಕಿ ಇದ್ದವರಿಗೆಲ್ಲ ನೋಟೀಸು ಹೋಗಬೇಕು. ಎಲ್ಲದಕ್ಕೂ ಅವರದ್ದೇ ಸೈನು. ಶಾಖೆಗಳಿಂದ ಕಟ್ಟು ಕಟ್ಟು ನೋಟೀಸು ಬಸ್ಸಿನಲ್ಲಿ ಬಂಟ್ವಾಳಕ್ಕೆ ಬರುವುದು, ಸೈನಾಗಿ ವಾಪಸ್ಸು ಹೋಗುವುದು. "ಕೈ ಬಿದ್ದು ಹೋಗ್ತದೆ ಮಾರಾಯ್ರೆ. ಲೋಗೋ ಹಾಕಿದ ಹಾಗೆ ನನ್ನ ಸೈನನ್ನೂ ಹಾಕ್ಲಿಕ್ಕೆ ಆಗ್ತದಾ?" ಅಂತ ಕೇಳಿದರು. ಆಗುವುದಿಲ್ಲ ಅಂತ ಹೇಳುವವನಾ ನಾನು?

ಬಿಳಿ ಕಾಗದದಲ್ಲಿ ಕಪ್ಪು ಶಾಯಿಯಲ್ಲಿ ಸೈನು ಮಾಡಿ ಅಂದೆ. ಅವರು ಮಾಡಿದರು. ಸರಿಯಾಗಲಿಲ್ಲ ಅಂತ ಇನ್ನೊಂದು. ದಿನಾ ನೂರು ಸೈನು ಹಾಕುವ ಮನುಷ್ಯ, ಚಿತ್ರ ತೆಗೆಯುತ್ತಾರೆ ಅಂದ ಕೂಡಲೇ ಸ್ಟುಡಿಯೋದಲ್ಲಿ ಕೂತವರ ಹಾಗೆ ಗಟ್ಟಿಯಾಗಿಬಿಟ್ಟರು. ಒಟ್ಟು ಆರು ಸೈನು. ನಾಲ್ಕನೆಯದು ಅವರಿಗೆ ಇಷ್ಟವಾಯ್ತು. ಸ್ಕ್ಯಾನ್ ಮಾಡಿದೆ. ಆಗ ಅವರೊಂದು ಮಾತು ಕೇಳಿದರು.

"ಇದನ್ನು ಯಾರಾದ್ರೂ ತೆಗ್ದು ಬೇರೆ ಕಡೆ ಹಾಕಿದ್ರೆ?"

"ಫೈಲಿನ ಒಳಗೆ ಉಂಟಲ್ಲ ಸರ್. ಹೊರಗಿದ್ರೆ ತೆಗೀಬಹುದು. ಒಳಗಿರುದನ್ನು ಯಾರಿಗೂ ತೆಗೀಲಿಕ್ಕಾಗುದಿಲ್ಲ."

ಎಷ್ಟು ಧೈರ್ಯದಿಂದ ಹೇಳಿದ್ದೆ ನೋಡಿ. ಬೇಸ್ 64 ಬೀಗ ಅಲ್ಲವೇ ಅಲ್ಲ. ಆ ಅಕ್ಷರ ರಾಶಿಯನ್ನು ಕಾಪಿ ಮಾಡಿಕೊಂಡವನು ಒಂದು ನಿಮಿಷದಲ್ಲಿ ಮತ್ತೆ ಚಿತ್ರ ಮಾಡಿಕೊಳ್ಳಬಹುದು. ಪುಣ್ಯಕ್ಕೆ ಹಾಗೆ ಯಾರೂ ಮಾಡಲಿಲ್ಲ. ಆದದ್ದೇ ಬೇರೆ.

ನಾನು ಮೂಡುಬಿದಿರೆ ಶಾಖೆಗೆ ಹೋದಾಗಲೆಲ್ಲ ಸಾವಿರ ಕಂಬದ ಬಸದಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. 1430ರದ್ದು ಅದು, ಮಧ್ಯಾಹ್ನವೂ ಒಳಗೆ ತಂಪು. ಮೂಡುಬಿದಿರೆಯಲ್ಲಿ ಹನ್ನೆರಡನೇ ಶತಮಾನದ ಮೊದಲ ಭಾಗದ ತಾಳೆಗರಿ ಗ್ರಂಥಗಳು ಇರುವುದು ನಿಮಗೆ ಗೊತ್ತಿರಬಹುದು. ಷಟ್ಖಂಡಾಗಮ, ಅದರ ಧವಲಾ ಟೀಕೆ. ಭಾಷೆ ಪ್ರಾಕೃತ, ಲಿಪಿ ಹಳೆಗಾಲದ ಕನ್ನಡ. ಆ ಗರಿಗಳಲ್ಲಿ ಕೆಲವಕ್ಕೆ ಬಣ್ಣದ ಚಿತ್ರಗಳೂ ಉಂಟು, ಅಕ್ಷರದ ಪಕ್ಕದಲ್ಲಿ, ಗರಿಯ ಮೇಲೆಯೇ ಬರೆದದ್ದು. ಆ ಗ್ರಂಥ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಅಮರಾವತಿಯಿಂದ 1939ರಿಂದ ಅಚ್ಚಾಗಿ ಹೊರಬರಲು ಶುರುವಾಯಿತು. ಒಮ್ಮೆ ಬಸದಿಯಲ್ಲಿ ಕೂತಾಗ ನನಗೆ ಹೊಳೆದದ್ದು ಇದು: ಗರಿ ನೋಡಿ ಪ್ರತಿ ಮಾಡುವವನು ಅಕ್ಷರ ಬರೆದುಕೊಂಡು ಹೋಗಬಹುದು, ಚಿತ್ರ ಬೇಕಾದರೆ ಮತ್ತೊಮ್ಮೆ ಕೈಯಲ್ಲಿ ಬಿಡಿಸಬೇಕು. ಚಿತ್ರ ಹೋಗಬೇಕಾ ಬೇಡವಾ ಅಂತ ಒಬ್ಬ ಮನುಷ್ಯ ಯೋಚನೆ ಮಾಡಿಯೇ ಮಾಡುತ್ತಾನೆ. ನಮ್ಮ ಡಿಸೈನ್ ಫೈಲಿನಲ್ಲಿ ಚಿತ್ರವೇ ಅಕ್ಷರವಾಗಿ ಕೂತಿದೆ. ಫೈಲು ಕಾಪಿ ಮಾಡುವವನಿಗೆ ತಾನು ಚಿತ್ರವನ್ನೂ ಒಯ್ಯುತ್ತಿದ್ದೇನೆ ಅಂತ ಗೊತ್ತೇ ಆಗುವುದಿಲ್ಲ.

ಆಗ ಇದನ್ನು ಬ್ಲಾಗಿಗೆ ಒಳ್ಳೆಯ ವಿಷಯ ಅಂತ ಮಾತ್ರ ಅಂದುಕೊಂಡಿದ್ದೆ.

2013ರ ಆಟಿ ತಿಂಗಳಿನಲ್ಲಿ, ಜಡಿಮಳೆ ಹೊಡೆಯುವಾಗ, ಕಾರ್ಯದರ್ಶಿಗಳು ತೀರಿಕೊಂಡರು. ಹೃದಯಾಘಾತ. ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು. ನಾನಾಗ ಮತ್ತೆ ಬೆಂಗಳೂರಿಗೆ ಸೇರಿಯಾಗಿತ್ತು. ಉತ್ತರಕ್ರಿಯೆಗೆ ಬಂದವನು ಹೊಸ ಕಾರ್ಯದರ್ಶಿಯವರ ಸೈನು ಸ್ಕ್ಯಾನ್ ಮಾಡಿ, ಹದಿನಾಲ್ಕು ರಿಪೋರ್ಟುಗಳನ್ನು ಒಂದೊಂದಾಗಿ ತೆರೆದು ಹಳೆಯ ಚಿತ್ರ ತೆಗೆದು ಹೊಸದು ಹಾಕಿದೆ. ಎಂಬೆಡ್ ಮಾಡಿದರೆ ಇದೇ ಕಷ್ಟ, ಪ್ರತಿ ಫೈಲಿನಲ್ಲಿಯೂ ಅದರದ್ದೇ ಒಂದು ಪ್ರತಿ. ಮೂರು ಊರಿಗೂ ಹೋಗಿ ಹಾಕಿ ಬಂದೆ. ಕೆಲಸ ಮುಗಿಯಿತು ಅಂತ ಬಸ್ಸು ಹತ್ತಿದೆ.

ಬೆಳ್ತಂಗಡಿಯ ಕ್ಲರ್ಕು ಬುದ್ಧಿವಂತ ಹುಡುಗ. ನನ್ನ ನೋಟೀಸಿನ ಫೈಲನ್ನು ಯಾವಾಗಲೋ ಕಾಪಿ ಮಾಡಿ, 'ಹೊಸತು 2' ಅಂತ ಹೆಸರು ಕೊಟ್ಟು, ಜಾಮೀನುದಾರರಿಗೆ ಕಳಿಸಲಿಕ್ಕೆ ಬೇಕಾದ ಹಾಗೆ ತಾನೇ ಎರಡು ಸಾಲು ಬದಲಾಯಿಸಿ ಇಟ್ಟುಕೊಂಡಿದ್ದ. ಅದು ನನಗೆ ಗೊತ್ತಿರಲಿಲ್ಲ. 2014ರ ಫೆಬ್ರವರಿಯಲ್ಲಿ ಅವನು ಆ ಫೈಲಿನಿಂದ ನಲವತ್ತಮೂರು ನೋಟೀಸು ಪ್ರಿಂಟ್ ತೆಗೆದು, ಮಡಚಿ, ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟ. ಸೈನನ್ನು ಅವನು ನೋಡಲಿಲ್ಲ. ದಿನಾ ನೋಡುವುದನ್ನು ಯಾರು ನೋಡುತ್ತಾರೆ? ತಾರೀಕು ಡೇಟಾಬೇಸಿನಿಂದ ಬರುವುದು, ಅದು ಅವತ್ತಿನದ್ದೇ. ಅದರ ಮೇಲೆ ತೀರಿಕೊಂಡು ಏಳು ತಿಂಗಳಾದವರ ಸೈನು.

ಆ ನಲವತ್ತಮೂರರಲ್ಲಿ ಒಂದು ಅವರ ಮನೆಗೇ ಹೋಯಿತು. ಅಕ್ಕ, ಅಂದರೆ ಕಾರ್ಯದರ್ಶಿಗಳ ಹೆಂಡತಿ, ತಮ್ಮನ ಸಾಲಕ್ಕೆ ಜಾಮೀನು ನಿಂತಿದ್ದರು.

ಸಂಘದಿಂದ ನನಗೆ ಬೈದು ಫೋನು ಬರುವ ಮೊದಲೇ ಅಕ್ಕನ ಫೋನು ಬಂತು. ನಂಬರು ನೋಡಿ, ಏನೋ ಮನೆಯ ವಿಷಯ ಇರಬೇಕು ಅಂದುಕೊಂಡೆ.

"ಒಂದು ಕಾಗದ ಬಂದಿದೆ. ಇದು ಇವರ ಸೈನೇ ಅಲ್ವಾ?"

ನನಗೆ ಅರ್ಥವಾಗಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಾಯಿ ಬರಲಿಲ್ಲ.

"ನೋಡಿ, ನಮ್ಗೇ ನೋಟೀಸು ಕಳ್ಸಿದ್ರು ಇವ್ರು" ಅಂದರು ಅಕ್ಕ. ನಕ್ಕರು ಅಂತ ಕಾಣುತ್ತದೆ. ಫೋನಿನಲ್ಲಿ ಸರಿ ಗೊತ್ತಾಗಲಿಲ್ಲ.

ಆ ಶನಿವಾರವೇ ಊರಿಗೆ ಹೋದೆ. ಮೊದಲು ಬೆಳ್ತಂಗಡಿ. ಕ್ಲರ್ಕು ಹುಡುಗ ಮುಖ ಸಣ್ಣ ಮಾಡಿಕೊಂಡು ಕೂತಿದ್ದ, ನಾಲ್ಕೈದು ಸದಸ್ಯರು ಬಂದು ಜೋರು ಮಾಡಿ ಹೋಗಿದ್ದರಂತೆ. "ನಿನ್ನದಲ್ಲ ಮಾರಾಯ, ನನ್ನದು ತಪ್ಪು" ಅಂದೆ. ಇಡೀ ಕಂಪ್ಯೂಟರ್ ಹುಡುಕಿದೆ. ಡಿಸೈನ್ ಫೈಲುಗಳು ಎಷ್ಟು ಕಡೆ ಇದ್ದವು ಅಂತೀರಿ! ಡೆಸ್ಕ್‌ಟಾಪಿನಲ್ಲಿ ಎರಡು, ಬ್ಯಾಕಪ್ ಫೋಲ್ಡರಿನಲ್ಲಿ ಐದು, ಯಾರದ್ದೋ ಪೆನ್‌ಡ್ರೈವಿನಲ್ಲಿ ಒಂದು. ಹೆಸರು ನೋಡಿ ಹುಡುಕಿದರೆ ಪ್ರಯೋಜನವಿಲ್ಲ, ಹೆಸರೆಲ್ಲ ಬದಲಾಗಿತ್ತು. ಕೊನೆಗೆ ಆ ಚಿತ್ರದ ಅಕ್ಷರ ರಾಶಿಯ ಮಧ್ಯದಿಂದ ಒಂದು ತುಂಡು ತೆಗೆದು, ಆ ತುಂಡು ಯಾವ ಯಾವ ಫೈಲಿನಲ್ಲಿ ಉಂಟು ಅಂತ ಹುಡುಕಿದೆ. ಎಲ್ಲ ಸಿಕ್ಕಿತು. ಅರ್ಥವಿಲ್ಲದ ಮೂವತ್ತು ನಲವತ್ತು ಅಕ್ಷರ, ಆದರೆ ಲೋಕದಲ್ಲಿ ಅದು ಒಬ್ಬರ ಸೈನಿನ ತುಂಡೇ ಹೊರತು ಬೇರೆ ಯಾವುದೂ ಅಲ್ಲ.

ಆಮೇಲೆ ಮಾಡಬೇಕಾಗಿದ್ದನ್ನು ಮಾಡಿದೆ. ಮೊದಲೇ ಮಾಡಬೇಕಿತ್ತು. ಸೈನನ್ನು ರಿಪೋರ್ಟಿನಿಂದ ಪೂರ್ತಿ ಹೊರಗೆ ತೆಗೆದೆ. ಡೇಟಾಬೇಸಿನಲ್ಲಿ ಒಂದು ಟೇಬಲ್: ಯಾರ ಸೈನು, ಯಾವ ತಾರೀಕಿನಿಂದ, ಯಾವ ತಾರೀಕಿನವರೆಗೆ. ನೋಟೀಸಿನ ತಾರೀಕು ಆ ಅವಧಿಯ ಒಳಗಿದ್ದರೆ ಮಾತ್ರ ಸೈನು ಬರುತ್ತದೆ, ಇಲ್ಲದಿದ್ದರೆ ಖಾಲಿ ಗೆರೆ, ಕೈಯಲ್ಲಿ ಹಾಕಿಕೊಳ್ಳಬೇಕು. ಲಾಂಛನ ಮತ್ತು ಸಂಘದ ಹೆಸರು ಎಂಬೆಡ್ ಆಗಿಯೇ ಇರಲಿ ಅಂತ ಬಿಟ್ಟೆ. ಲಾಂಛನಕ್ಕೆ ಸಾವಿಲ್ಲ, ವರ್ಗಾವಣೆ ಇಲ್ಲ. ಕ್ಯಾಂಟೀನಿನಲ್ಲಿ ಹುಡುಗನಿಗೆ ಹೇಳಿದ್ದೂ ಇಷ್ಟೇ, ಅವನದ್ದು ಬರೀ ಲೋಗೋ, ಎಂಬೆಡ್ ಮಾಡು ಅಂದೆ. ನಲವತ್ತಮೂರು ಮನೆಗೂ ಸಂಘದವರು ತಪ್ಪಾಯಿತು ಅಂತ ಕಾಗದ ಬರೆದರು, ಹೊಸ ಕಾರ್ಯದರ್ಶಿಯವರು ಕೈಯಲ್ಲೇ ಸೈನು ಹಾಕಿದರು.

ಸಂಜೆ ಅಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಅಡಿಕೆ ಹರಡಿತ್ತು. ಕ್ಷಮೆ ಕೇಳಲಿಕ್ಕೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ, ಅಲ್ಲಿ ಯಾವುದೂ ಬಾಯಿಗೆ ಬರಲಿಲ್ಲ. ಅಕ್ಕ ಬೆಲ್ಲ ನೀರು ಕೊಟ್ಟು, "ನೋಟೀಸು ವಾಪಸ್ ಕೊಡ್ಬೇಕಾ?" ಅಂತ ಕೇಳಿದರು. ಸಂಘದವರು ಎಲ್ಲವನ್ನೂ ವಾಪಸ್ಸು ತರಲಿಕ್ಕೆ ಹೇಳಿದ್ದರು. ಬೇಡ ಅಂದೆ.

"ಆ ಕಂಪ್ಯೂಟರಿನಲ್ಲಿ ಇನ್ನೂ ಉಂಟಾ?"

"ಇಲ್ಲ ಅಕ್ಕ. ಇವತ್ತು ಎಲ್ಲ ತೆಗ್ದೆ."

ಅವರು ಸುಮ್ಮನಾದರು. ಆ ಉತ್ತರ ಅವರಿಗೆ ಸಮಾಧಾನ ಕೊಟ್ಟಿತಾ, ಬೇಸರ ತಂದಿತಾ, ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಚೀಲದಲ್ಲಿ ಆ ಹಳೆಯ ಕಾಗದ ಇತ್ತು, ಸ್ಕ್ಯಾನ್ ಮಾಡಲಿಕ್ಕೆ ಆರು ಸೈನು ಮಾಡಿಸಿದ್ದು. ನನ್ನ ಹಳೆಯ ಫೈಲಿನ ಮಧ್ಯೆ ಅಷ್ಟು ವರ್ಷ ಉಳಿದುಕೊಂಡಿತ್ತು. ತೆಗೆದು ಕೊಟ್ಟೆ. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು. ಎರಡನೆಯದರ ಮೇಲೆ ಬೆರಳಿಟ್ಟರು.

"ಇದ್ರಲ್ಲಿ ಇವ್ರಿಗೆ ಸಿಟ್ಟು ಬಂದಿತ್ತು."

ನಿಜ. ಎರಡನೆಯದು ಹಾಕುವಾಗ ಪೆನ್ನು ಕೈಕೊಟ್ಟು ಅವರು ಗೊಣಗಿದ್ದು ನನಗೂ ನೆನಪಾಯ್ತು.

ಅಕ್ಕ ಆ ಕಾಗದವನ್ನು ಮಡಚದೆ ಒಳಗೆ ತೆಗೆದುಕೊಂಡು ಹೋದರು. ಬರುವಾಗ ಕೈಯಲ್ಲಿ ಒಂದು ಚೀಲ ಬಾಳೆಕಾಯಿ. "ಅಮ್ಮನಿಗೆ ಕೊಡಿ, ಕೊನೆಯ ಬಸ್ಸು ಏಳಕ್ಕೆ ಉಂಟು, ತಪ್ಪಿಸ್ಬೇಡಿ" ಅಂದರು. ತಪ್ಪಲಿಲ್ಲ. ಬಸ್ಸಿನಲ್ಲಿ ಸೀಟು ಸಿಗದೆ ಸಿದ್ದಕಟ್ಟೆವರೆಗೆ ಬಾಳೆಕಾಯಿ ಹಿಡಿದುಕೊಂಡು ನಿಂತೇ ಬಂದೆ.